ಕೆಳೆಯ ಮತ್ತು ಆಪ್ತ: ನಂಬುಗೆಯ ಸ್ನೇಹವನ್ನು ಸೂಚಿಸುವ ಎರಡು ಪದಗಳ ಚರಿತ್ರೆ

ಕನ್ನಡದಲ್ಲಿ ಸ್ನೇಹವನ್ನು ಸೂಚಿಸುವ ಪದಗಳಿಗೆ ಕೊರತೆಯಿಲ್ಲ. ಕೆಳೆಯ, ಗೆಳೆಯ, ಒಡನಾಡಿ, ಜೊತೆಗಾರ ಎಂಬ ಪದಗಳೂ, ಮಿತ್ರ, ಸಖ, ಸ್ನೇಹಿತ, ಆಪ್ತ ಎಂಬ ಸಂಸ್ಕೃತಮೂಲದ ಪದಗಳೂ, ದೋಸ್ತ ಎಂಬ ಪಾರಸಿಮೂಲದ ಪದವೂ ಒಂದೇ ಭಾಷಾಸಮುದಾಯದಲ್ಲಿ ಒಟ್ಟಿಗೆ ಬಾಳುತ್ತಿವೆ. ನಿಘಂಟುಗಳು ಇವುಗಳಲ್ಲಿ ಒಂದಕ್ಕೆ ಇನ್ನೊಂದನ್ನು ಅರ್ಥವಾಗಿ ಕೊಡುವುದುಂಟು. ಆದರೆ ಬಳಕೆಯು ಇವುಗಳನ್ನು ಬೇರೆಬೇರೆಯಾಗಿಯೇ ಇರಿಸಿದೆ. ಗೆಳೆಯರೆಲ್ಲರೂ ಆಪ್ತರಲ್ಲ, ಆಪ್ತ ಸಹಾಯಕನೆಂಬ ಹುದ್ದೆಯಲ್ಲಿರುವವನು ಗೆಳೆಯನಾಗಿರಬೇಕಾಗಿಯೂ ಇಲ್ಲ. ಮದುವೆಯ ಕರೆಯೋಲೆಯಲ್ಲಿ ಬಂಧುಗಳನ್ನೂ ಆಪ್ತೇಷ್ಟರನ್ನೂ ಬೇರೆಬೇರೆಯಾಗಿ ಹೆಸರಿಸುವ ರೂಢಿ ಇಂದಿಗೂ ಉಳಿದಿದೆ. ಈ ವ್ಯತ್ಯಾಸವು ಎಲ್ಲಿಂದ ಬಂದಿತು, ನಂಬುಗೆಯ ಸ್ನೇಹವನ್ನು ಕನ್ನಡವು ಯಾವ ಆಧಾರದ ಮೇಲೆ ಗುರುತಿಸಿತು ಎಂಬುದನ್ನು ‘ಕೆಳೆಯ’ ಮತ್ತು ‘ಆಪ್ತ’ ಎಂಬ ಎರಡು ಪದಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೊದಲನೆಯದು ಸ್ನೇಹವನ್ನು ನಂಟಿನಿಂದ ಅಳೆಯುತ್ತದೆ. ಎರಡನೆಯದು ಮಾತಿನ ಸತ್ಯದಿಂದ ಅಳೆಯುತ್ತದೆ. ಈ ಎರಡು ಅಳತೆಗಳ ನಡುವಣ ಕೊಡುಕೊಳೆಯೇ ಈ ಪದಗಳ ಚರಿತ್ರೆ ಎಂಬುದು ಇಲ್ಲಿ ಪ್ರತಿಪಾದಿತವಾಗಿರುವ ವಿಚಾರ.

ಕೆಳೆ: ನಂಟಿನಿಂದ ಸ್ನೇಹಕ್ಕೆ

ಹಳಗನ್ನಡದಲ್ಲಿ ‘ಕೆಳೆ’ ಎಂದರೆ ಸ್ನೇಹ, ಒಡನಾಟ. ಅದರಿಂದ ಪುಲ್ಲಿಂಗದಲ್ಲಿ ‘ಕೆಳೆಯ’, ಸ್ತ್ರೀಲಿಂಗದಲ್ಲಿ ‘ಕೆಳದಿ’ ಎಂಬ ರೂಪಗಳು ಸಿದ್ಧಿಸಿವೆ. ಪದಾದಿಯ ಕಕಾರವು ಗಕಾರವಾಗುವುದು ಕನ್ನಡದಲ್ಲಿ ಅಪರೂಪವಲ್ಲ. ‘ಕೆಯ್’ ಎಂಬ ಧಾತುವು ‘ಗೆಯ್’ ಆದಂತೆ ಕೆಳೆಯನು ಗೆಳೆಯನಾದನು, ಗೆಳತಿ ಎಂಬ ರೂಪವೂ ನೆಲೆಗೊಂಡಿತು. ಬರೋ ಮತ್ತು ಎಮೆನೋ ಅವರ ದ್ರಾವಿಡ ಜ್ಞಾತಿಪದಕೋಶವು (೧೯೬೧, ಪರಿಷ್ಕೃತ ಆವೃತ್ತಿ ೧೯೮೪) ಈ ಪದವನ್ನು ತಮಿಳಿನ ‘ಕೇಳ್’, ‘ಕಿಳೈ’ ಮತ್ತು ತೆಲುಗಿನ ‘ಚೆಲಿ’, ‘ಚೆಲಿಮಿ’ಗಳೊಡನೆ ಸೇರಿಸುತ್ತದೆ. ಮುಂಸ್ವರಗಳ ಮುಂದೆ ಕಕಾರವು ತೆಲುಗಿನಲ್ಲಿ ಚಕಾರವಾಗುವುದು ನಿಯತವಾದ ಬದಲಾವಣೆ. ಕನ್ನಡದ ‘ಕಿವಿ’ಗೆ ತೆಲುಗಿನಲ್ಲಿ ‘ಚೆವಿ’ ಎಂಬುದು ಇದಕ್ಕೆ ಪರಿಚಿತ ನಿದರ್ಶನ. ಕೇಳಿಸಿಕೊಳ್ಳು ಎಂಬ ಅರ್ಥದ ‘ಕೇಳ್’ ಧಾತುವಿಗೂ ಇದಕ್ಕೂ ಸಂಬಂಧವನ್ನು ಕಲ್ಪಿಸುವುದು ಮನಸ್ಸಿಗೆ ಒಪ್ಪುವಂತೆ ತೋರಿದರೂ ಭಾಷಾಶಾಸ್ತ್ರಜ್ಞರು ಎರಡನ್ನೂ ಬೇರೆಬೇರೆ ಪದಗಳೆಂದೇ ಪರಿಗಣಿಸಿದ್ದಾರೆ.

ತಮಿಳಿನ ರೂಪಗಳು ಇಲ್ಲಿ ವಿಶೇಷವಾಗಿ ಗಮನಾರ್ಹ. ಅಲ್ಲಿ ‘ಕೇಳ್’ ಎಂಬುದಕ್ಕೆ ಬಂಧು, ಬಳಗ ಎಂಬ ಅರ್ಥವು ಮುಖ್ಯ. ಸ್ನೇಹಿತನೆಂಬ ಅರ್ಥವು ಅದರ ಜೊತೆಗಿದೆ. ‘ಕಿಳೈ’ ಎಂಬುದು ಕೊಂಬೆ, ಕವಲು ಮತ್ತು ಕುಲದವರು ಎಂಬ ಅರ್ಥಗಳನ್ನು ಹೊಂದಿದೆ. ಸಂಗಂ ಕಾವ್ಯದಲ್ಲಿ ‘ಕೇಳಿರ್’ ಎಂಬ ಬಹುವಚನರೂಪವು ಬಂಧುಗಳನ್ನು ಹೇಳುತ್ತದೆ. ತೆಲುಗಿನಲ್ಲಿ ಬಂಧುತ್ವದ ಅರ್ಥವು ಹಿಂದೆ ಸರಿದು ಸ್ನೇಹದ ಅರ್ಥವೇ ಉಳಿಯಿತು. ಕನ್ನಡವೂ ಅದೇ ದಾರಿಯಲ್ಲಿ ಸಾಗಿ, ‘ಕೆಳೆ’ಯನ್ನು ಒಡನಾಟಕ್ಕೆ ಮೀಸಲಿರಿಸಿ, ರಕ್ತಸಂಬಂಧಕ್ಕೆ ‘ನಂಟು’ ಎಂಬ ಬೇರೆ ಪದವನ್ನು ಬಳಸಿತು. ಹೀಗೆ ನಂಟರ ಗುಂಪಿನೊಳಗೆ ಹುಟ್ಟಿದ ಪದವೊಂದು ನಂಟಿನ ಹೊರಗಿನವನನ್ನು ಕರೆಯುವ ಪದವಾಯಿತು. ಹೊರಗಿನವನನ್ನು ಒಳಗಿನವನೆಂದು ಎಣಿಸುವುದೇ ಕೆಳೆ ಎಂಬ ಭಾವವು ಪದದ ಬೇರಿನಲ್ಲೇ ಇದೆ.

ಆಪ್ತ: ಸತ್ಯವನ್ನು ನುಡಿಯುವವನು

‘ಆಪ್ತ’ ಎಂಬುದು ಸಂಸ್ಕೃತದ ‘ಆಪ್’ ಧಾತುವಿನಿಂದ ಬಂದ ಭೂತಕೃದಂತ. ಹೊಂದಿದ, ಮುಟ್ಟಿದ, ದೊರೆತ ಎಂಬುದು ಮೂಲಾರ್ಥ. ಹತ್ತಿರಕ್ಕೆ ಬಂದವನು, ಆದುದರಿಂದ ನಂಬಬಹುದಾದವನು ಎಂಬ ಅರ್ಥವು ಅದರಿಂದ ಬೆಳೆದುದು. ಈ ಪದಕ್ಕೆ ಶಾಸ್ತ್ರದ ಗಾಂಭೀರ್ಯವನ್ನು ತಂದುಕೊಟ್ಟುದು ನ್ಯಾಯದರ್ಶನ. ಗೌತಮನ ನ್ಯಾಯಸೂತ್ರವು ಶಬ್ದಪ್ರಮಾಣವನ್ನು ಆಪ್ತನ ಉಪದೇಶವೆಂದು ನಿರೂಪಿಸುತ್ತದೆ. ಭಾಷ್ಯಕಾರನಾದ ವಾತ್ಸ್ಯಾಯನನು ಆಪ್ತನು ಯಾರೆಂಬುದನ್ನು ಬಿಡಿಸಿ ಹೇಳುತ್ತಾನೆ: ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತವನಾಗಿರಬೇಕು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನಾಗಿರಬೇಕು. ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಅವನು ಸ್ಪಷ್ಟಪಡಿಸಿರುವುದು ಮಹತ್ತ್ವದ ಸಂಗತಿ. ಆಪ್ತತ್ವಕ್ಕೆ ಕುಲವು ಕಾರಣವಲ್ಲ, ನಂಟೂ ಕಾರಣವಲ್ಲ. ಅರಿವು ಮತ್ತು ಪ್ರಾಮಾಣಿಕತೆ ಎರಡೇ ಕಾರಣ.

ಕರ್ನಾಟಕದಲ್ಲಿ ಈ ಪದವು ಬೇರೂರಲು ಜೈನ ಪರಂಪರೆಯೂ ಕಾರಣವಾಯಿತು. ಜೈನರಲ್ಲಿ ಆಪ್ತನೆಂದರೆ ದೋಷರಹಿತನೂ ಸರ್ವಜ್ಞನೂ ಆದ ಜಿನ. ಸಮಂತಭದ್ರನ ‘ಆಪ್ತಮೀಮಾಂಸೆ’ಯು ನಂಬುಗೆಗೆ ಅರ್ಹನಾದವನು ಯಾರೆಂಬ ಪ್ರಶ್ನೆಯನ್ನು ಭಕ್ತಿಗೆ ಬಿಡದೆ ತರ್ಕದ ಪರೀಕ್ಷೆಗೆ ಒಡ್ಡುತ್ತದೆ. ಅಕಲಂಕನ ‘ಅಷ್ಟಶತಿ’ಯೂ ವಿದ್ಯಾನಂದನ ‘ಅಷ್ಟಸಹಸ್ರಿ’ಯೂ ಅದರ ಮೇಲಿನ ವ್ಯಾಖ್ಯಾನಗಳು. ಶ್ರವಣಬೆಳಗೊಳದಲ್ಲಿರುವ ೧೧೨೯ರ ಮಲ್ಲಿಷೇಣ ಪ್ರಶಸ್ತಿಯು ಸಮಂತಭದ್ರ, ಅಕಲಂಕರನ್ನು ಸ್ತುತಿಸುವುದರಿಂದ ಈ ವಾದಪರಂಪರೆಯ ಸ್ಮರಣೆಯು ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಜೀವಂತವಾಗಿದ್ದುದು ತಿಳಿಯುತ್ತದೆ. ನಂಬಿದವನನ್ನು ಪರೀಕ್ಷಿಸುವುದು ಅಪಚಾರವಲ್ಲ, ಪರೀಕ್ಷೆಯಲ್ಲಿ ನಿಂತವನೇ ಆಪ್ತನು ಎಂಬ ನಿಲುವು ಇಲ್ಲಿನದು.

ರೂಪದ ದೃಷ್ಟಿಯಿಂದಲೂ ಎರಡು ಪದಗಳ ಹಾದಿ ಬೇರೆ. ಕೆಳೆಯು ಜನರ ಬಾಯಲ್ಲಿ ಗೆಳೆಯಾಗಿ ಸವೆಯಿತು. ಆಪ್ತವು ತತ್ಸಮವಾಗಿಯೇ ಉಳಿಯಿತು. ಸಂಸ್ಕೃತದ ಸಮರೂಪಗಳನ್ನು ದೂರವಿರಿಸಿ ‘ಕಬ್ಬಿಗರ ಕಾವ’ವನ್ನು ರಚಿಸಿದ ಆಂಡಯ್ಯನ ನಿಯಮದಂತೆ ಕೆಳೆಗೆ ಎಡೆಯುಂಟು, ಆಪ್ತಕ್ಕೆ ಎಡೆಯಿಲ್ಲ. ಒಂದು ಮನೆಯಂಗಳದ ಪದ. ಇನ್ನೊಂದು ವಿದ್ವತ್ಸಭೆಯಿಂದ ಇಳಿದುಬಂದ ಪದ.

ಕಾವ್ಯದಲ್ಲಿ ಕೆಳೆಯ ಪರೀಕ್ಷೆ

ನಂಟು ಮತ್ತು ಕೆಳೆಗಳು ಎದುರುಬದುರಾಗಿ ನಿಲ್ಲುವ ಸಂದರ್ಭವನ್ನು ಕನ್ನಡ ಕವಿಗಳು ಮತ್ತೆಮತ್ತೆ ಎತ್ತಿಕೊಂಡಿದ್ದಾರೆ. ಅದು ಕರ್ಣ–ದುರ್ಯೋಧನರ ಕಥೆ. ೯೪೧ರಲ್ಲಿ ಮುಗಿದ ‘ವಿಕ್ರಮಾರ್ಜುನವಿಜಯ’ದಲ್ಲಿ ಪಂಪನು ತನ್ನ ಆಶ್ರಯದಾತನಾದ ವೇಮುಲವಾಡದ ಚಾಳುಕ್ಯ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡನು, ಹಾಗಿದ್ದೂ ಅರ್ಜುನನ ಎದುರಾಳಿಯಾದ ಕರ್ಣನ ನಿಷ್ಠೆಯನ್ನು ಮನಸಾರೆ ಕೊಂಡಾಡಿದನು. ಭಾನುಮತಿಯೊಡನೆ ಪಗಡೆಯಾಡುವಾಗ ಮುತ್ತಿನ ಹಾರ ಹರಿದ ಪ್ರಸಂಗವು ಕರ್ಣನ ಬಾಯಿಂದಲೇ ಬರುತ್ತದೆ. ಹಾರವನ್ನು ಎಳೆದವರು ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ದೀರ್ಘವಾದ ಚರ್ಚೆ ನಡೆದಿದೆ. ಕರ್ಣನೇ ಎಳೆದನೆಂದು ಗ್ರಹಿಸುವ ಪಕ್ಷದಲ್ಲಿ ಆ ಪದ್ಯವು ಶಂಕೆಯ ಎಡೆಯಲ್ಲಿ ಶಂಕಿಸದೆ ಉಳಿದ ಸ್ನೇಹದ ಸಾಕ್ಷಿಯಾಗುತ್ತದೆ. ಇನ್ನೊಂದು ಪಕ್ಷವನ್ನು ಹಿಡಿದರೂ ಅರಸನ ಅಂತಃಪುರದಲ್ಲಿ ಕರ್ಣನಿಗಿದ್ದ ಎಡೆಯಂತೂ ಸ್ಪಷ್ಟ. ಹೊರಗಿನವನು ಒಳಗಿನವನಾದುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನವು ಅಪರೂಪ.

ರನ್ನನ ‘ಗದಾಯುದ್ಧ’ದಲ್ಲಿ ಈ ಸ್ನೇಹದ ಇನ್ನೊಂದು ಮುಖವಿದೆ. ರಣಭೂಮಿಯಲ್ಲಿ ಕರ್ಣನ ಕಳೇಬರದ ಮುಂದೆ ದುಃಖಿಸುವ ದುರ್ಯೋಧನನು, ಕರ್ಣನ ಜನ್ಮರಹಸ್ಯವನ್ನು ಅರಿತಿದ್ದ ಕೆಲವೇ ಜನರಲ್ಲಿ ತಾನೂ ಒಬ್ಬನೆಂದು ಹೇಳಿಕೊಳ್ಳುತ್ತಾನೆ. ಅರಿತಿದ್ದವನು ಬದುಕಿರುವಾಗ ನುಡಿಯಲಿಲ್ಲ. ನ್ಯಾಯಭಾಷ್ಯದ ಲಕ್ಷಣವನ್ನು ಇಲ್ಲಿಗೆ ಅನ್ವಯಿಸಿದರೆ ದುರ್ಯೋಧನನು ಕರ್ಣನ ಕೆಳೆಯನು, ಆದರೆ ಆಪ್ತನಲ್ಲ. ಅರಿತುದನ್ನು ಅರಿತಂತೆ ತಿಳಿಸಲಿಲ್ಲ. ಸತ್ಯವನ್ನು ಕರ್ಣನಿಗೆ ತಿಳಿಸಿದವನು ಕೃಷ್ಣ. ಆದರೆ ಅವನು ತಿಳಿಸಿದುದು ಕರ್ಣನನ್ನು ಸ್ವಾಮಿಯಿಂದ ಬೇರ್ಪಡಿಸುವುದಕ್ಕಾಗಿ. ಹದಿನೈದನೆಯ ಶತಮಾನದ ಕುಮಾರವ್ಯಾಸನು ಈ ಸನ್ನಿವೇಶವನ್ನು ಚಿತ್ರಿಸುವಾಗ, ಕೃಷ್ಣನು ಮೈದುನನೊಡನೆ ಆಡುವ ಸರಸದ ಸಲುಗೆಯಿಂದ ಕರ್ಣನನ್ನು ರಥಕ್ಕೆ ಏರಿಸಿಕೊಳ್ಳುವನೆಂದು ವರ್ಣಿಸುತ್ತಾನೆ. ಕೆಳೆಯನ್ನು ಮುರಿಯಲು ಹೊರಟವನು ಮೊದಲು ಕೈಗೆತ್ತಿಕೊಳ್ಳುವ ಆಯುಧವು ನಂಟಿನ ಪದ. ಕರ್ಣನು ನಂಟನ್ನು ಒಪ್ಪಿ ದುಃಖಿಸಿದನು. ಕೆಳೆಯನ್ನು ಮಾತ್ರ ಬಿಡಲಿಲ್ಲ. ಸ್ನೇಹಪರನು ಎಲ್ಲವನ್ನೂ ನುಡಿಯಲಾರ, ಎಲ್ಲವನ್ನೂ ನುಡಿಯುವವನು ಸ್ನೇಹಪರನಾಗಿರಲಾರ ಎಂಬ ಇಕ್ಕಟ್ಟು ಈ ಮೂವರು ಕವಿಗಳ ಕೃತಿಗಳನ್ನು ಒಟ್ಟಿಗೆ ಓದಿದಾಗ ಎದ್ದುಕಾಣುತ್ತದೆ.

ಆಪ್ತನ ವೇಷ: ದುರ್ಗಸಿಂಹನ ಎಚ್ಚರಿಕೆ

ಮಾತಿನ ಸತ್ಯದ ಮೇಲೆ ನಿಂತ ನಂಬುಗೆಗೂ ಅದರದೇ ಆದ ಅಪಾಯವುಂಟು. ಅದನ್ನು ಕನ್ನಡದಲ್ಲಿ ವಿಸ್ತಾರವಾಗಿ ನಿರೂಪಿಸಿದ ಕೃತಿ ದುರ್ಗಸಿಂಹನ ‘ಪಂಚತಂತ್ರ’. ಕಲ್ಯಾಣದ ಚಾಲುಕ್ಯ ಇಮ್ಮಡಿ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ಇವನು ೧೦೩೧ರಲ್ಲಿ ಈ ಗ್ರಂಥವನ್ನು ರಚಿಸಿದನು. ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿರುವುದು ಇದರ ವೈಶಿಷ್ಟ್ಯ. ಐದು ತಂತ್ರಗಳ ಹೆಸರುಗಳೇ ನಂಬುಗೆಯ ಶಾಸ್ತ್ರದಂತಿವೆ: ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ. ಮೊದಲನೆಯ ತಂತ್ರದಲ್ಲಿ ಪಿಂಗಳಕನೆಂಬ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ಬೆಳೆದ ಸ್ನೇಹವನ್ನು ನರಿಯೊಂದು ಮುರಿಯುತ್ತದೆ. ಅದು ಬಲದಿಂದ ಮುರಿದುದಲ್ಲ. ಅರಸನ ಹಿತವನ್ನೇ ನುಡಿಯುತ್ತಿರುವಂತೆ ನಟಿಸಿ, ಇಬ್ಬರ ಬಳಿಯಲ್ಲೂ ಆಪ್ತನ ಸ್ಥಾನವನ್ನು ಪಡೆದು ಮುರಿದುದು.

ಪರರಾಜ್ಯಗಳೊಡನೆ ಸಂಧಿ ವಿಗ್ರಹಗಳನ್ನು ನಡೆಸುವುದೇ ದುರ್ಗಸಿಂಹನ ವೃತ್ತಿಯಾಗಿತ್ತು. ರಾಜನೀತಿಯಲ್ಲಿ ‘ಮಿತ್ರ’ ಎಂಬುದು ರಾಜ್ಯದ ಸಪ್ತಾಂಗಗಳಲ್ಲಿ ಒಂದು. ಅಲ್ಲಿ ಅದಕ್ಕೆ ಸಹಾಯಕ್ಕೆ ಬರುವ ಪರರಾಜನೆಂಬ ಅರ್ಥ. ಪಂಪನ ಆಶ್ರಯದಾತರ ವಂಶದ ಆಶ್ರಯವನ್ನೇ ಪಡೆದಿದ್ದ ಸೋಮದೇವಸೂರಿಯೂ ‘ನೀತಿವಾಕ್ಯಾಮೃತ’ದಲ್ಲಿ ಮಿತ್ರನಿಗಾಗಿ ಒಂದು ಸಮುದ್ದೇಶವನ್ನು ಮೀಸಲಿರಿಸಿದ್ದಾನೆ. ಹೀಗೆ ‘ಮಿತ್ರ’ವು ಲೆಕ್ಕಾಚಾರದ ಕಡೆಗೆ ವಾಲಿದ ಪದವಾಗಿತ್ತು. ಮುಂದೆ ‘ಆಪ್ತಮಿತ್ರ’ ಎಂಬ ಸಮಾಸವು ಸಹಜವೆನಿಸಿದುದಕ್ಕೆ ಇದೂ ಒಂದು ಕಾರಣವಿರಬಹುದು. ಬರಿಯ ಮಿತ್ರನೆಂದರೆ ಸಾಲದು, ನಂಬಬಹುದಾದ ಮಿತ್ರನೆಂದು ವಿಶೇಷಿಸಬೇಕಾಗುತ್ತದೆ. ‘ಆಪ್ತ ಗೆಳೆಯ’ ಎಂಬುದೂ ರೂಢಿಯಲ್ಲಿದೆ. ಅಲ್ಲಿ ಶಾಸ್ತ್ರದ ಪದವು ಮನೆಯ ಪದಕ್ಕೆ ವಿಶೇಷಣವಾಗಿ ನಿಂತು ಎರಡು ಅಳತೆಗಳೂ ಕೂಡಿವೆ.

ಶಾಸನಗಳ ಸಾಕ್ಷ್ಯ

ಕಾವ್ಯದ ಆದರ್ಶವನ್ನು ಶಾಸನಗಳ ವಾಸ್ತವದೊಡನೆ ಹೋಲಿಸುವುದು ಅವಶ್ಯಕ. ಇಂದಿನ ದಕ್ಷಿಣ ಬೆಂಗಳೂರಿಗೆ ಸೇರಿದ ಬೇಗೂರು ಈ ದೃಷ್ಟಿಯಿಂದ ಮುಖ್ಯ. ಗಂಗರ ಕಾಲದ, ಸುಮಾರು ೮೯೦ರದೆಂದು ಎಣಿಸಲಾಗಿರುವ ಬೇಗೂರಿನ ಶಾಸನವು ‘ಬೆಂಗಳೂರ ಕಾಳಗ’ವನ್ನು ಹೆಸರಿಸುವುದರಿಂದ ಪ್ರಸಿದ್ಧವಾಗಿದೆ. ನಗರದ ಹೆಸರಿನ ಹಳಮೆಗಾಗಿ ಅದನ್ನು ಉಲ್ಲೇಖಿಸುವವರು ಹಲವರು; ಆದರೆ ಅದು ಸ್ಮರಿಸುತ್ತಿರುವುದು ನಾಗತ್ತರನೆಂಬ ಅಧಿಕಾರಿಯ ಮಗನನ್ನೂ ಅವನ ಮನೆತನಕ್ಕೆ ಸೇರಿದ ಆಳನ್ನೂ ಎಂಬುದು ಗಮನಿಸತಕ್ಕ ಅಂಶ. ಅದೇ ಊರಿನ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು, ಎರೆಯಪ್ಪರಸನ ಆಜ್ಞೆಯಂತೆ ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಕಾದಿ ಮಡಿದ ನಾಗತ್ತರನನ್ನು ಸ್ಮರಿಸುತ್ತದೆ; ಆ ಬಳಿಕ ಇರುಗನಿಗೆ ನಾಗತ್ತರಪಟ್ಟವೂ ಬೆಂಪೂರು ಹನ್ನೆರಡೂ ಸಂದುವು. ಆಳು ಒಡೆಯನಿಗಾಗಿಯೂ ಒಡೆಯನು ತನ್ನ ಅರಸನಿಗಾಗಿಯೂ ಪ್ರಾಣ ಕೊಟ್ಟ ಈ ಸರಣಿಯಲ್ಲಿ ನಂಬುಗೆಯು ಮನೆತನದ ಮೂಲಕವೇ ಹರಿಯುತ್ತದೆ. ರಕ್ತಸಂಬಂಧವಿಲ್ಲದ ಊಳಿಗದವನನ್ನು ‘ಮನೆಮಗ’ನೆಂದು ಕರೆಯುವ ರೂಢಿಯೂ ಇದಕ್ಕೆ ಹೊಂದಿಕೊಳ್ಳುತ್ತದೆ.

ಈ ಪ್ರವೃತ್ತಿಯ ತುತ್ತತುದಿ ಹೊಯ್ಸಳರ ಕಾಲದ ಗರುಡರು. ಅರಸನೊಡನೆ ಸಾಯುವ ‘ವೇಳೆ’ಯನ್ನು, ಎಂದರೆ ಪ್ರತಿಜ್ಞೆಯನ್ನು, ಹೊತ್ತವರು ವೇಳೆವಾಳಿಗಳು, ಲೆಂಕರು. ಇಮ್ಮಡಿ ಬಲ್ಲಾಳನ ದಂಡನಾಯಕನಾದ ಕುವರಲಕ್ಷ್ಮನು ಸುಮಾರು ೧೨೨೦ರಲ್ಲಿ ಅರಸನ ಮರಣದ ಸಂದರ್ಭದಲ್ಲಿ ಪತ್ನಿ ಸುಗ್ಗಲದೇವಿಯೊಡನೆ, ಸಾವಿರ ಲೆಂಕರೊಡನೆ ಗರುಡನಾಗಿ ಪ್ರಾಣ ತೆತ್ತುದನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಸ್ತಂಭಶಾಸನವು ಹೇಳುತ್ತದೆ. ಅವನ ಹೆಸರಿನಲ್ಲಿರುವ ‘ಕುವರ’ ಎಂಬುದೂ ಮಗನೆಂಬ ಅರ್ಥದ್ದೇ. ಇಲ್ಲಿ ನಂಬುಗೆಗೆ ಮಾತಿನ ಪರೀಕ್ಷೆಯಿಲ್ಲ, ಸಾವೇ ಪರೀಕ್ಷೆ. ಅರಸನಿಗೆ ಅಹಿತವೆನಿಸಿದರೂ ಸತ್ಯವನ್ನು ನುಡಿಯುವ ಆಪ್ತನಿಗೂ, ಅರಸನಿಲ್ಲದೆ ಬದುಕಲೊಲ್ಲದ ಗರುಡನಿಗೂ ಇರುವ ಅಂತರವು ಅಗಾಧ. ಎರಡನ್ನೂ ನಿಷ್ಠೆಯೆಂಬ ಒಂದೇ ಪದದಲ್ಲಿ ಅಡಕಗೊಳಿಸಿದರೆ ಚರಿತ್ರೆಯು ಮಸುಕಾಗುತ್ತದೆ.

ಕಚೇರಿ, ಚಿಕಿತ್ಸಾಲಯ ಮತ್ತು ಸಹಾಯವಾಣಿ

ಇಪ್ಪತ್ತನೆಯ ಶತಮಾನದಲ್ಲಿ ಎರಡೂ ಪದಗಳು ಸಾರ್ವಜನಿಕ ಜೀವನವನ್ನು ಪ್ರವೇಶಿಸಿದುವು. ೧೯೨೦ರ ದಶಕದಲ್ಲಿ ಧಾರವಾಡದಲ್ಲಿ ದ.ರಾ. ಬೇಂದ್ರೆಯವರ ಸುತ್ತ ರೂಪುಗೊಂಡ ಸಾಹಿತ್ಯಕೂಟವು ‘ಗೆಳೆಯರ ಗುಂಪು’ ಎಂಬ ಹೆಸರನ್ನು ಧರಿಸಿತು. ಬೆಟಗೇರಿ ಕೃಷ್ಣಶರ್ಮ, ಶಂ.ಬಾ. ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ ಮೊದಲಾದವರನ್ನು ಒಳಗೊಂಡಿದ್ದ ಈ ಕೂಟವು ಸಂಘ, ಪರಿಷತ್ತು, ಮಂಡಳಿ ಎಂಬ ಹೆಸರುಗಳನ್ನು ಬಿಟ್ಟು ಅಚ್ಚಗನ್ನಡದ ಸಲುಗೆಯ ಪದವನ್ನು ಆರಿಸಿಕೊಂಡುದು ಅರ್ಥಪೂರ್ಣ.

‘ಆಪ್ತ’ವು ಸಾಗಿದ ದಾರಿ ಬೇರೆ. ೧೯೬೩ರ ರಾಜಭಾಷಾ ಅಧಿನಿಯಮದ ತರುವಾಯ ಕನ್ನಡವು ಆಡಳಿತದಲ್ಲಿ ನೆಲೆಗೊಳ್ಳುತ್ತಿದ್ದಂತೆ ಆಪ್ತ ಕಾರ್ಯದರ್ಶಿ, ಆಪ್ತ ಸಹಾಯಕ, ಆಪ್ತ ಶಾಖೆ ಎಂಬ ಪ್ರಯೋಗಗಳು ರೂಢಿಗೆ ಬಂದುವು. ಬೇರೆ ಸಂದರ್ಭಗಳಲ್ಲಿ ‘ಖಾಸಗಿ’ ಎಂಬ ಪದವು ಹೇಳುವ ಅರ್ಥವನ್ನು ಇಲ್ಲಿ ಆಪ್ತವು ಹೊತ್ತಿತು. ಅಧಿಕಾರಿಯ ಸಮೀಪದಲ್ಲಿರುವುದು, ಗುಟ್ಟನ್ನು ಕಾಯುವುದು ಎಂಬ ಅಂಶಗಳು ಉಳಿದುವು; ಕಂಡುದನ್ನು ಕಂಡಂತೆ ನುಡಿಯುವುದೆಂಬ ಅಂಶವು ಹಿಂದಕ್ಕೆ ಸರಿಯಿತು. ವಾತ್ಸ್ಯಾಯನನ ಲಕ್ಷಣದ ಅರ್ಧಭಾಗ ಮಾತ್ರ ಕಚೇರಿಗೆ ಬಂದಿತೆನ್ನಬಹುದು.

ಮರೆಯಾದ ಅರ್ಧವು ಮರಳಿ ಬಂದುದು ಚಿಕಿತ್ಸಾಲಯದಲ್ಲಿ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮಾನಸಿಕ ಆಸ್ಪತ್ರೆಯೊಡನೆ ಒಂದುಗೂಡಿ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ಮನೋವೈದ್ಯವಿಜ್ಞಾನವನ್ನು ಜನಸಾಮಾನ್ಯರಿಗೆ ತಲುಪಿಸಲು ಕನ್ನಡದ ಪರಿಭಾಷೆ ಬೇಕಾಯಿತು. ಅಲ್ಲಿ ಪ್ರಾಧ್ಯಾಪಕರಾಗಿದ್ದ, ೨೦೨೪ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಡಾ. ಸಿ.ಆರ್. ಚಂದ್ರಶೇಖರ್ ಮೊದಲಾದವರ ವಿಪುಲವಾದ ಕನ್ನಡ ಬರಹಗಳು ಈ ಕೊರತೆಯನ್ನು ತುಂಬಿದುವು. ಮನಸ್ಸಿನ ಕ್ಲೇಶವನ್ನು ಕೇಳಿ ದಾರಿ ತೋರುವ ಕಾರ್ಯಕ್ಕೆ ‘ಆಪ್ತ ಸಮಾಲೋಚನೆ’, ‘ಆಪ್ತ ಸಲಹೆ’ ಎಂಬ ಪದಗಳು ನೆಲೆನಿಂತುವು. ಎಚ್‌ಐವಿ ಪರೀಕ್ಷಾ ಕೇಂದ್ರಗಳ ಆಪ್ತ ಸಮಾಲೋಚಕರ ಮೂಲಕ ಈ ಪದವು ತಾಲ್ಲೂಕು ಆಸ್ಪತ್ರೆಗಳವರೆಗೂ ಹಬ್ಬಿತು. ಅಲ್ಲಿ ಸಮಾಲೋಚಕನು ಫಲಿತಾಂಶವನ್ನು ಮರೆಮಾಚದೆ ಹೇಳಬೇಕು. ಹೇಳಿದುದನ್ನು ಬೇರೆಯವರಿಗೆ ತಿಳಿಯಗೊಡಬಾರದು. ದುರ್ಯೋಧನನು ಕರ್ಣನಿಗೆ ಮಾಡಲಾಗದೆ ಹೋದುದನ್ನು ಅಪರಿಚಿತನೊಬ್ಬನು ವೃತ್ತಿಧರ್ಮವಾಗಿ ಮಾಡಬೇಕಾಗಿದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಗೌಪ್ಯತೆಯನ್ನು ರೋಗಿಯ ಹಕ್ಕೆಂದು ಮನ್ನಿಸಿರುವುದರಿಂದ, ಒಂದು ಕಾಲಕ್ಕೆ ಸ್ನೇಹದ ಗುಣವಾಗಿದ್ದುದು ಕೆಲವು ವಿನಾಯಿತಿಗಳೊಡನೆ ಕಾನೂನಿನ ಕರ್ತವ್ಯವೂ ಆಗಿದೆ.

೨೦೦೪ರಲ್ಲಿ ಪಿ. ವಾಸು ನಿರ್ದೇಶನದಲ್ಲಿ ತೆರೆಕಂಡ ‘ಆಪ್ತಮಿತ್ರ’ ಚಲನಚಿತ್ರದ ನಾಯಕನು ಮನೋವೈದ್ಯನೂ ಮನೆಯೊಡೆಯನ ಗೆಳೆಯನೂ ಆಗಿರುವುದು ಈ ಹಿನ್ನೆಲೆಯಲ್ಲಿ ಕುತೂಹಲಕರ. ವಿಷ್ಣುವರ್ಧನ್ ಅಭಿನಯದ ಆ ಚಿತ್ರವು ಪದವನ್ನು ಮನೆಮನೆಗೆ ಒಯ್ದಿತು. ೨೦೨೦ರ ಏಪ್ರಿಲ್‌ನಲ್ಲಿ ಕೋವಿಡ್ ಸೋಂಕಿನ ಸಂದರ್ಭದಲ್ಲಿ ರಾಜ್ಯ ಸರ್ಕಾರವು ೧೪೪೧೦ ಸಂಖ್ಯೆಯ ಸಹಾಯವಾಣಿಗೂ ಅದರ ಆ್ಯಪ್‌ಗೂ ‘ಆಪ್ತಮಿತ್ರ’ವೆಂದೇ ಹೆಸರಿಟ್ಟಿತು. ನೆರೆಯವರೂ ನಂಟರೂ ದೂರವಿರಬೇಕಾಗಿದ್ದ ದಿನಗಳಲ್ಲಿ ಮುಖ ಕಾಣದ ದನಿಯೊಂದಕ್ಕೆ ಈ ಹೆಸರು ಸಂದಿತು. ಇಂಥ ಹೆಸರಿಡುವಾಗ ಆಡಳಿತವು ಅರಿತೋ ಅರಿಯದೆಯೋ ಒಂದು ಹೊಣೆಯನ್ನು ಹೊರುತ್ತದೆ. ತಾನು ನೇರವಾಗಿ ಅರಿತುದನ್ನು ಮಾತ್ರ ಹೇಳುವೆನು, ಅರಿತುದನ್ನು ತಿರುಚದೆ ಹೇಳುವೆನು ಎಂಬ ಎರಡು ವಾಗ್ದಾನಗಳು ಆ ಪದದಲ್ಲಿ ಅಡಗಿವೆ.

ಇಂದಿನ ನಗರದ ಆಡುನುಡಿ

ನಂಟಿನ ಪದಗಳಿಂದಲೇ ಸ್ನೇಹವನ್ನು ಕರೆಯುವ ಪ್ರಾಚೀನ ಪ್ರವೃತ್ತಿಯು ನಶಿಸಿಲ್ಲ. ಅದಕ್ಕೆ ದಕ್ಷಿಣ ಬೆಂಗಳೂರಿನ ಚಿಕ್ಕಲಸಂದ್ರದಂತಹ ಬಡಾವಣೆಗಳು ಸಾಕ್ಷಿ. ಊರಿನ ಹೆಸರೇ ಆಡುನುಡಿಯ ಶಕ್ತಿಯನ್ನು ತೋರುತ್ತದೆ. ದೊಡ್ಡಕಲ್ಲಸಂದ್ರಕ್ಕೆ ಜೋಡಿಯಾದ ಚಿಕ್ಕಕಲ್ಲಸಂದ್ರವು ಬಾಯಿಂದ ಬಾಯಿಗೆ ಸವೆದು ಚಿಕ್ಕಲಸಂದ್ರವಾಯಿತು. ‘ಸಂದ್ರ’ವು ಕೆರೆಯೆಂಬ ಅರ್ಥದ ‘ಸಮುದ್ರ’ದ ತದ್ಭವ. ಉತ್ತರಹಳ್ಳಿಯ ನೆರೆಯ ಈ ಹಳ್ಳಿಯು ನಗರಕ್ಕೆ ಸೇರಿದ ಮೇಲೆ ಕನ್ನಡದ ಹಲವು ಪ್ರಾದೇಶಿಕ ಭೇದಗಳನ್ನೂ ನೆರೆಯ ಭಾಷೆಗಳನ್ನೂ ಆಡುವವರು ಒಂದೇ ಬೀದಿಯಲ್ಲಿ ನೆಲೆಸಿದರು. ಇಂಥ ಬೀದಿಗಳ ಯುವಕರು ಗೆಳೆಯನನ್ನು ‘ಮಗಾ’ ಎನ್ನುತ್ತಾರೆ, ‘ಮಚ್ಚಾ’ ಎನ್ನುತ್ತಾರೆ. ಉತ್ತರ ಕರ್ನಾಟಕದಿಂದ ಬಂದವರ ನುಡಿಯಲ್ಲಿ ‘ದೋಸ್ತ’ ಕೇಳಿಬರುತ್ತದೆ. ‘ಮಚ್ಚಾ’ ಎಂಬುದು ಭಾವ, ಮೈದುನ ಎಂಬ ಅರ್ಥದ ತಮಿಳಿನ ‘ಮಚ್ಚಾನ್’ ಪದದಿಂದ ಬಂದುದು. ಕುಮಾರವ್ಯಾಸನ ಕೃಷ್ಣನು ಬಳಸಿದ ಮೈದುನತನದ ಸಲುಗೆಯೂ, ಬೇಗೂರಿನ ಕಾಲದ ಮನೆಮಗನೆಂಬ ಭಾವವೂ ಹೊಸ ವೇಷದಲ್ಲಿ ಮರಳಿವೆ. ಈ ಪದಗಳು ಗ್ರಾಮ್ಯವೆಂದು ತಿರಸ್ಕರಿಸುವವರುಂಟು. ಆದರೆ ಬಂಧುವೆಂಬ ಅರ್ಥದ ಪದವು ಗೆಳೆಯನೆಂಬ ಅರ್ಥಕ್ಕೆ ತಿರುಗಿದ ಕ್ರಮ ಎರಡು ಕಡೆಯೂ ಒಂದೇ.

ಒಟ್ಟಿನಲ್ಲಿ, ನಂಬುಗೆಯ ಸ್ನೇಹಕ್ಕೆ ಕನ್ನಡವು ಎರಡು ಆಧಾರಗಳನ್ನು ಕಂಡುಕೊಂಡಿದೆ. ಕೆಳೆಯು ‘ನೀನು ನಮ್ಮವನು’ ಎನ್ನುತ್ತದೆ; ಆಪ್ತವು ‘ನಿನ್ನ ಮಾತು ದಿಟ’ ಎನ್ನುತ್ತದೆ. ಮೊದಲನೆಯದು ಮಾತ್ರ ಉಳಿದಾಗ ಕರ್ಣನಿಗೆ ದಿಟವನ್ನು ಹೇಳುವ ಗೆಳೆಯನಿಲ್ಲವಾಗುತ್ತಾನೆ, ಸಾವಿರ ಲೆಂಕರು ಒಬ್ಬ ಅರಸನೊಡನೆ ಅಳಿಯುತ್ತಾರೆ. ಎರಡನೆಯದರ ವೇಷ ಮಾತ್ರ ಉಳಿದಾಗ ದುರ್ಗಸಿಂಹನ ನರಿಯು ಸಿಂಹದ ಕಿವಿಯ ಬಳಿ ಕುಳಿತಿರುತ್ತದೆ. ಹುದ್ದೆಗಳಿಗೂ ಸೇವೆಗಳಿಗೂ ಯೋಜನೆಗಳಿಗೂ ‘ಆಪ್ತ’ವೆಂಬ ಹೆಸರು ಹೆಚ್ಚುಹೆಚ್ಚಾಗಿ ಸಲ್ಲುತ್ತಿರುವ ಈ ಕಾಲದಲ್ಲಿ ಆ ಪದದ ಲಕ್ಷಣವನ್ನು ನೆನಪಿನಲ್ಲಿರಿಸಿಕೊಳ್ಳುವುದು ಕೇವಲ ನಿಘಂಟುಕಾರರ ಕೆಲಸವಲ್ಲ. ಆಪ್ತನೆಂದು ಕರೆಸಿಕೊಂಡವನನ್ನು, ಅವನು ವ್ಯಕ್ತಿಯಾಗಿರಲಿ ಸಂಸ್ಥೆಯಾಗಿರಲಿ, ಪರೀಕ್ಷಿಸುವ ಅಧಿಕಾರವನ್ನು ಆ ಪದವೇ ನಂಬುವವರಿಗೆ ಕೊಟ್ಟಿದೆ.